ನೆರೆ ಬಂದಾಗ ಡಾಕ್ಟರ್ ಒಬ್ಬರೇ ಸಾಕಾ? ಆರೋಗ್ಯ ಇಲಾಖೆಯವರು ವಿಪತ್ತು ನಿರ್ವಹಣೆ ಓದೋದು ಯಾಕೆ

ಈ ವಾರದ ವಿಡಿಯೋದಲ್ಲಿ ಆಡಿದ ಮಾತುಗಳನ್ನೇ ಸ್ವಲ್ಪ ತಿದ್ದಿ, ಸಂಖ್ಯೆಗಳನ್ನ ಇನ್ನೊಮ್ಮೆ ಲೆಕ್ಕ ಹಾಕಿ ಇಲ್ಲಿ ಬರೆದಿದ್ದೀನಿ. ಕ್ಯಾಬ್‌ನಲ್ಲಿ, ಲೋಕಲ್ ಟ್ರೇನ್‌ನಲ್ಲಿ ಓದೋರಿಗೆ ಬರಹವೇ ಅನುಕೂಲ ಅಂತ ನಿಮ್ಮಲ್ಲಿ ಬಹಳ ಜನ ಹೇಳ್ತಾ ಇರ್ತೀರಿ.

ಈ ಸಲದ ವಿಷಯ ನಮ್ಮ ಕೆಲಸದ್ದಲ್ಲ. ಕ್ಲೌಡ್ ಇಲ್ಲ, ಕೋಡ್ ಇಲ್ಲ, ಅಪ್ರೈಸಲ್ ಇಲ್ಲ. ಆರೋಗ್ಯ ಕ್ಷೇತ್ರದವರಿಗೆ ವಿಪತ್ತು ನಿರ್ವಹಣೆಯಲ್ಲಿ ಸ್ನಾತಕೋತ್ತರ ತರಬೇತಿ ಅಂತ ಒಂದು ಇದೆ. ಅಲ್ಲಿ ಏನು ಕಲಿಸ್ತಾರೆ, ಅದು ಯಾಕೆ ಬೇಕು ಅನ್ನೋದೇ ಇವತ್ತಿನ ಮಾತು. ನನಗೆ ಇದು ಯಾಕೆ ಬೇಕಾಯ್ತು ಅಂದ್ರೆ, ನಮ್ಮ ಅಕ್ಕ.

ಒಂದು ಕಾಲಂ ಇರಲಿಲ್ಲ

ನಮ್ಮೂರು ಮಲಪ್ರಭೆಯ ದಂಡೆ ಮೇಲಿದೆ. ನಾನು ಎಂ.ಟೆಕ್ ಮುಗಿಸಿ ಪುಣೆಗೆ ಬಂದೆ, ಅಕ್ಕ ಎಂಬಿಬಿಎಸ್ ಮುಗಿಸಿ ಅದೇ ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿ ಆದಳು. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕಕ್ಕೆ ನೆರೆ ಬಂತಲ್ಲ, ಆಗ ಒಂದು ಶಾಲೆಯಲ್ಲಿ ಮಾಡಿದ್ದ ಪರಿಹಾರ ಕೇಂದ್ರಕ್ಕೆ ಅವಳನ್ನ ಹಾಕಿದ್ರು. ಸುಮಾರು 600 ಜನ. ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ತನಕ ವಾಂತಿ, ಭೇದಿ, ಜ್ವರ, ಕಾಲಿನ ಗಾಯ ನೋಡಿದಳು. ಒಬ್ಬರನ್ನೂ ವಾಪಸ್ ಕಳಿಸಲಿಲ್ಲ.

ಅದೇ ಕೇಂದ್ರದಲ್ಲಿ ನಮ್ಮ ಓಣಿಯ ಟೇಲರ್ ಅಜ್ಜ ಇದ್ದರು. ನನ್ನ ಸಾಲಿ ಚಡ್ಡಿ ಹೊಲಿದುಕೊಟ್ಟವರು. ಅವರಿಗೆ ಸಕ್ಕರೆ ಕಾಯಿಲೆ, ದಿನಾ ಇನ್ಸುಲಿನ್ ಬೇಕು. ಮನೆ ಜೊತೆ ಇನ್ಸುಲಿನ್ನೂ ನೀರಲ್ಲಿ ಹೋಯ್ತು. ಎಲ್ಲರೂ ಮನೆ ಕಳಕೊಂಡಿರುವಾಗ ತಮ್ಮ ಇಂಜೆಕ್ಷನ್ ವಿಷಯ ಏನು ಹೇಳೋದು ಅಂತ ಅಜ್ಜ ಎರಡು ದಿನ ಸುಮ್ಮನಿದ್ದರು. ಮೂರನೇ ದಿನ ಮಂಪರಾದಾಗ ಯಾರೋ ಅಕ್ಕನನ್ನ ಕರೆದರು. ತಾಲೂಕು ಆಸ್ಪತ್ರೆಗೆ ಸಾಗಿಸಿದರು, ಉಳೀಲಿಲ್ಲ.

ಆಮೇಲೆ ಅಕ್ಕ ಆ ಕೇಂದ್ರದ ನೋಂದಣಿ ಪಟ್ಟಿ ತೆಗೆದು ನೋಡಿದಳಂತೆ. ಹೆಸರು, ಊರು, ಮನೆಯಲ್ಲಿ ಎಷ್ಟು ಜನ, ಮನೆಗೆ ಹಾನಿ ಎಷ್ಟು, ಎಲ್ಲಾ ಇತ್ತು. ದಿನಾ ತಗೊಳ್ಳೋ ಔಷಧಿ ಯಾವುದು ಅಂತ ಒಂದು ಕಾಲಂ ಇರಲಿಲ್ಲ.

ಅವಳು ಫೋನ್‌ನಲ್ಲಿ ಹೇಳಿದ ಮಾತು ಇದು: "ನಾ ಡಾಕ್ಟರ್ ಕೆಲಸಾ ಸರಿಯಾಗೇ ಮಾಡೀನಿ ತಮ್ಮಾ. ಬಂದವರನ್ನೆಲ್ಲಾ ನೋಡೀನಿ. ಆದ್ರ ಬರದಿದ್ದವರನ್ನ ಹೆಂಗ ನೋಡಬೇಕು ಅಂತ ನಂಗ ಯಾರೂ ಕಲಿಸಿದ್ದಿಲ್ಲ."

ಈ ವರ್ಷ ಅವಳು ರಜೆ ಹಾಕಿ ಇದನ್ನೇ ಓದೋಕೆ ಹೋಗ್ತೀನಿ ಅಂದಾಗ ಮನೇಲಿ ಜಗಳ ಆಯ್ತು. ಅಪ್ಪ ಅಂದ್ರು, "ಡಾಕ್ಟರ್ ಆಗೇತಿ, ಸರ್ಕಾರಿ ನೌಕ್ರಿ ಐತಿ, ಇನ್ನ ಯಾ ಸಾಲಿ?" ನನ್ನನ್ನ ನಡುವೆ ಹಾಕಿದರು. ಅಪ್ಪನಿಗೆ ಉತ್ತರ ಹೇಳಬೇಕಲ್ಲ, ಅದಕ್ಕೆ ನಾನೇ ಪಠ್ಯಕ್ರಮ ಹಿಡಿದು ಕೂತೆ. ಓದ್ತಾ ಓದ್ತಾ ನನಗೇ ಹುಚ್ಚು ಹಿಡೀತು.

ರೋಗಿ ಒಬ್ಬರು, ಜನ ಸಾವಿರಾರು

ಮೊದಲನೇ ಪಾಠವೇ ಒಂದು ವ್ಯತ್ಯಾಸದಿಂದ ಶುರುವಾಗುತ್ತೆ. ಹತ್ತು ಜನ ಗಾಯಗೊಂಡು ಆಸ್ಪತ್ರೆಗೆ ಬಂದರೆ ಅದು ತುರ್ತು ಪರಿಸ್ಥಿತಿ. ಇರೋ ಜನ, ಔಷಧಿ, ಹಾಸಿಗೆ ಇವಕ್ಕೆ ಮೀರಿದ ಬೇಡಿಕೆ ಬಂದರೆ ಮಾತ್ರ ಅದು ವಿಪತ್ತು. ಅಂದ್ರೆ ಅದೇ ಬಸ್ ಅಪಘಾತ ದೊಡ್ಡ ನಗರದಲ್ಲಿ ತುರ್ತು ಕೇಸು, ಒಂದೇ ಡಾಕ್ಟರ್ ಇರೋ ಊರಲ್ಲಿ ವಿಪತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟ್ರಾಫಿಕ್ ಎಷ್ಟು ಅನ್ನೋದಷ್ಟೇ ಅಲ್ಲ, ಸರ್ವರ್ ಎಷ್ಟು ತಡಕೊಳ್ಳುತ್ತೆ ಅನ್ನೋದೂ ಮುಖ್ಯ.

ಎರಡನೇದು, ಡಾಕ್ಟರ್ ಓದಿರೋದು ಎದುರಿಗೆ ಕೂತ ಒಬ್ಬ ರೋಗಿಯನ್ನ ಉಳಿಸೋದು. ವಿಪತ್ತಿನಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ: ಇರೋದರಲ್ಲಿ ಅತಿ ಹೆಚ್ಚು ಜನರನ್ನ ಉಳಿಸೋದು ಹೇಗೆ?

ಇದರ ಅತಿ ಕಠಿಣ ರೂಪ ಅಂದ್ರೆ ಟ್ರಯಾಜ್, ಗಾಯಾಳುಗಳನ್ನ ವಿಂಗಡಿಸೋದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ರೂಪಿಸಿದ ಸ್ಟಾರ್ಟ್ ಅನ್ನೋ ವಿಧಾನದಲ್ಲಿ ಒಬ್ಬರಿಗೆ ಒಂದು ನಿಮಿಷಕ್ಕಿಂತ ಕಡಿಮೆ ಸಮಯ. ನಡೆಯೋಕೆ ಬರೋರೆಲ್ಲ ಹಸಿರು. ಶ್ವಾಸನಾಳ ತೆರೆದು ಕೊಟ್ಟರೂ ಉಸಿರಾಡದವರು ಕಪ್ಪು. ಉಸಿರು ನಿಮಿಷಕ್ಕೆ 30ಕ್ಕಿಂತ ಜಾಸ್ತಿ, ಅಥವಾ ಉಗುರು ಒತ್ತಿ ಬಿಟ್ಟಾಗ ಕೆಂಪು ಬರೋಕೆ 2 ಸೆಕೆಂಡಿಗಿಂತ ಹೆಚ್ಚು, ಅಥವಾ ಸರಳ ಮಾತನ್ನ ಪಾಲಿಸೋಕೆ ಆಗ್ತಿಲ್ಲ ಅಂದ್ರೆ ಕೆಂಪು. ಉಳಿದವರು ಹಳದಿ. ಕೇಳೋಕೆ ಸುಲಭ. ಆದರೆ ಇನ್ನೂ ಬಿಸಿ ಇರೋ ದೇಹಕ್ಕೆ ಕಪ್ಪು ಚೀಟಿ ಕಟ್ಟಿ ಮುಂದೆ ಹೋಗೋಕೆ ಕೈ ಬರೋದು ಅಭ್ಯಾಸದಿಂದ ಮಾತ್ರ. ಅದಕ್ಕೇ ಈ ಕೋರ್ಸುಗಳಲ್ಲಿ ಅಣಕು ಕಾರ್ಯಾಚರಣೆಗೆ ಅಷ್ಟು ಮಹತ್ವ.

ಶಾಲೆಯ ಲೆಕ್ಕ

ನನಗೆ ಅತಿ ಹೆಚ್ಚು ಹಿಡಿಸಿದ್ದು ಪರಿಹಾರ ಕೇಂದ್ರಗಳ ಲೆಕ್ಕ. ಇದರ ಹಿಂದೆ ಒಂದು ದುರಂತ ಇದೆ. 1994ರ ಜುಲೈನಲ್ಲಿ ರುವಾಂಡಾದಿಂದ ಲಕ್ಷಾಂತರ ನಿರಾಶ್ರಿತರು ಪಕ್ಕದ ಜೈರ್ ದೇಶದ ಗೋಮಾಕ್ಕೆ ಬಂದರು. ಅಲ್ಲಿನ ನೆಲ ಜ್ವಾಲಾಮುಖಿಯ ಕಲ್ಲು, ಶೌಚಕ್ಕೆ ಗುಂಡಿ ತೋಡೋಕೂ ಆಗಲ್ಲ. ಕುಡಿಯೋಕೆ ಕೆರೆ ನೀರು. ಕಾಲರಾ, ರಕ್ತಭೇದಿ ಹಬ್ಬಿ ಮೊದಲ ಒಂದೇ ತಿಂಗಳಲ್ಲಿ ಸುಮಾರು 50,000 ಜನ ಸತ್ತರು. ಸಹಾಯಕ್ಕೆ ಬಂದ ಸಂಸ್ಥೆಗಳು ಕಡಿಮೆ ಇರಲಿಲ್ಲ, ಆದರೆ ಕನಿಷ್ಠ ಎಷ್ಟು ಬೇಕು ಅಂತ ಎಲ್ಲರೂ ಒಪ್ಪಿದ ಒಂದು ಅಳತೆ ಇರಲಿಲ್ಲ. ಆ ಅನುಭವದ ನಂತರ 1997ರಲ್ಲಿ ಸ್ಫಿಯರ್ ಅನ್ನೋ ಯೋಜನೆ ಶುರುವಾಯ್ತು. ಅದರ ಕೈಪಿಡಿ ಇವತ್ತು ಇಂಥ ತರಬೇತಿಗಳಲ್ಲಿ ಪಠ್ಯಪುಸ್ತಕ ಇದ್ದ ಹಾಗೆ.

ಅದರ ಅಳತೆಗಳನ್ನ ಅಕ್ಕ ಇದ್ದ ಶಾಲೆಗೆ ಹಾಕಿ ನೋಡೋಣ.

ನೀರು: ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್. 600 ಜನಕ್ಕೆ 9,000 ಲೀಟರ್. ನಲ್ಲಿ: 250 ಜನಕ್ಕೆ ಒಂದು, ಅಂದ್ರೆ ಮೂರು.

ಶೌಚಾಲಯ: ಮೊದಲ ದಿನಗಳಲ್ಲಿ 50 ಜನಕ್ಕೆ ಒಂದು, ಆದಷ್ಟು ಬೇಗ 20 ಜನಕ್ಕೆ ಒಂದು. ಅಂದ್ರೆ ಮೊದಲು 12, ಆಮೇಲೆ 30. ಶಾಲೆಯಲ್ಲಿ ಇದ್ದದ್ದು ನಾಲ್ಕು.

ಜಾಗ: ಒಬ್ಬರಿಗೆ ಮಲಗೋಕೆ ಕನಿಷ್ಠ 3.5 ಚದರ ಮೀಟರ್. ಎಂಟು ಕೋಣೆ, ಒಂದೊಂದು ಸುಮಾರು 45 ಚದರ ಮೀಟರ್ ಅಂದ್ಕೊಳ್ಳಿ. ಒಟ್ಟು 360. ಅದರಲ್ಲಿ ಇರಬಹುದಾದವರು ನೂರರ ಆಸುಪಾಸು. ಇದ್ದವರು 600.

ಅಕ್ಕ ದಿನಾ 40 ಭೇದಿ ಕೇಸು ನೋಡ್ತಿದ್ದಳು, ಮಾತ್ರೆ, ಓಆರ್‌ಎಸ್ ಕೊಡ್ತಿದ್ದಳು. ಆದರೆ ಆ ಭೇದಿ ಬರ್ತಿದ್ದದ್ದು ಈ ಲೆಕ್ಕದಿಂದ. ಇದನ್ನ ಕಲಿತ ಆರೋಗ್ಯಾಧಿಕಾರಿ ಮೊದಲ ದಿನವೇ ತಹಶೀಲ್ದಾರರ ಹತ್ತಿರ ಹೋಗಿ, "ಸರ್, ಜನರನ್ನ ಇನ್ನೂ ಐದು ಕಡೆ ಹಂಚಬೇಕು, ನಾಳೆ ಸಂಜೆ ಒಳಗೆ ಎಂಟು ತಾತ್ಕಾಲಿಕ ಶೌಚಾಲಯ ಬೇಕು, ಟ್ಯಾಂಕರ್ ನೀರಿಗೆ ಕ್ಲೋರಿನ್ ಬೇಕು" ಅಂತ ಸಂಖ್ಯೆ ಇಟ್ಟು ಕೇಳ್ತಾರೆ. ಸಂಖ್ಯೆ ಇಟ್ಟು ಕೇಳಿದಾಗ ಅಧಿಕಾರಿಗಳಿಗೂ ತಳ್ಳಿಹಾಕೋದು ಕಷ್ಟ.

ಸಾವನ್ನೂ ಹೀಗೇ ಎಣಿಸ್ತಾರೆ. 10,000 ಜನರಲ್ಲಿ ದಿನಕ್ಕೆ ಒಂದು ಸಾವು ದಾಟಿದರೆ ಅದು ಅಪಾಯದ ಗಂಟೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಎರಡು. 600 ಜನರ ಕೇಂದ್ರದಲ್ಲಿ ಒಂದು ವಾರಕ್ಕೆ ಇದು 0.42 ಸಾವು. ಅಲ್ಲಿ ಟೇಲರ್ ಅಜ್ಜ ಸೇರಿ ಆ ವಾರ ಇಬ್ಬರು ಸತ್ತಿದ್ದರು. ಮಿತಿಯ ಹತ್ತಿರ ಹತ್ತಿರ ಐದು ಪಟ್ಟು. ಸಂಖ್ಯೆ ಚಿಕ್ಕದು, ಇದರಿಂದ ಏನನ್ನೂ ಸಾಬೀತು ಮಾಡೋಕಾಗಲ್ಲ, ಒಪ್ತೀನಿ. ಆದರೆ ಅಲಾರಂ ಹೊಡೆಯೋಕೆ ಸಾಕು. ಅಲ್ಲಿ ಎಲ್ಲರೂ ಅಂದದ್ದು ಒಂದೇ ಮಾತು: "ವಯಸ್ಸಾಗಿತ್ತು."

ಯಾರು ಸಾಯ್ತಾರೆ, ಯಾವಾಗ

ನೆರೆ ಅಂದ್ರೆ ನೀರಲ್ಲಿ ಮುಳುಗಿ ಸಾಯೋದು ಅಂತ ನಾವು ಅಂದ್ಕೋತೀವಿ. ಟೀವಿಯಲ್ಲಿ ತೋರಿಸೋದೂ ಅದನ್ನೇ. 2017ರ ಸೆಪ್ಟೆಂಬರ್‌ನಲ್ಲಿ ಪೋರ್ಟೊ ರಿಕೊ ದ್ವೀಪಕ್ಕೆ ಮರಿಯಾ ಚಂಡಮಾರುತ ಬಡೀತು. ಸರ್ಕಾರದ ಮೊದಲ ಲೆಕ್ಕ 64 ಸಾವು. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಆಮೇಲಿನ ಆರು ತಿಂಗಳಲ್ಲಿ ಸಾಮಾನ್ಯಕ್ಕಿಂತ ಎಷ್ಟು ಹೆಚ್ಚು ಜನ ಸತ್ತರು ಅಂತ ಅಂದಾಜು ಮಾಡಿದಾಗ ಬಂದದ್ದು 2,975. ಹೆಚ್ಚಿನ ಹೊಡೆತ ಬಿದ್ದದ್ದು ವಯಸ್ಸಾದವರಿಗೆ, ಬಡವರಿಗೆ. ತಿಂಗಳುಗಟ್ಟಲೆ ಕರೆಂಟ್ ಇಲ್ಲ, ರಸ್ತೆ ಇಲ್ಲ, ಔಷಧಿ ಇಲ್ಲ. ಅಂದ್ರೆ ನಮ್ಮ ಟೇಲರ್ ಅಜ್ಜನಂಥವರೇ.

ಇದನ್ನ ಹೆಚ್ಚುವರಿ ಸಾವು ಅಂತಾರೆ. ಲಾಗ್ ನೋಡಿ ಬೇಸ್‌ಲೈನ್‌ಗಿಂತ ಎಷ್ಟು ಏರಿದೆ ಅಂತ ನಾವು ಹುಡುಕ್ತೀವಲ್ಲ, ಥೇಟ್ ಅದೇ. ನಮ್ಮ ದೇಶದಲ್ಲೇ ಉದಾಹರಣೆ ಇದೆ. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದಿನಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾಗಿತ್ತು ಅಂತ ಆಮೇಲೆ ಅಧ್ಯಯನದಲ್ಲಿ ಗೊತ್ತಾಯ್ತು. ಬಿಸಿಲು ಕಟ್ಟಡ ಬೀಳಿಸಲ್ಲ, ಅದಕ್ಕೆ ಅದು ವಿಪತ್ತು ಅಂತ ಯಾರಿಗೂ ಅನಿಸಿರಲಿಲ್ಲ. ಆ ಅನುಭವದಿಂದ 2013ರಲ್ಲಿ ಅಹಮದಾಬಾದ್ ಪಾಲಿಕೆ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಲು ಕ್ರಿಯಾ ಯೋಜನೆ ಮಾಡಿತು. ಮುನ್ಸೂಚನೆ, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರಿನ ವ್ಯವಸ್ಥೆ. ಗಾಂಧಿನಗರದ ಭಾರತೀಯ ಸಾರ್ವಜನಿಕ ಆರೋಗ್ಯ ಸಂಸ್ಥೆ ಅದರಲ್ಲಿ ಕೈ ಜೋಡಿಸಿತ್ತು.

ರೋಗಗಳಿಗೂ ಒಂದು ವೇಳಾಪಟ್ಟಿ ಇರುತ್ತೆ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅಲ್ಲಿರೋ ಹಳಬರಿಗೆ ಆ ದಿನ ನೆನಪಿರುತ್ತೆ. ಆಮೇಲಿನ ವಾರಗಳಲ್ಲಿ ಇಲಿ ಜ್ವರ, ಅಂದ್ರೆ ಲೆಪ್ಟೋಸ್ಪೈರೋಸಿಸ್, ಏರಿತು. ಇಲಿ ಮೂತ್ರ ಬೆರೆತ ನೀರಲ್ಲಿ ಗಾಯದ ಕಾಲಿಟ್ಟು ನಡೆದವರಿಗೆ ಬರೋ ಕಾಯಿಲೆ. 2018ರ ಕೇರಳ ನೆರೆಯ ನಂತರ ನೀರಲ್ಲಿ ಓಡಾಡಿದವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದ್ದು ಇದನ್ನ ತಡೆಯೋಕೇ. ನೀವಾಗಿ ನುಂಗಬೇಡಿ, ಆದರೆ ನೆರೆ ನೀರಲ್ಲಿ ನಡೆದಿದ್ದರೆ ಡಾಕ್ಟರನ್ನ ಅವತ್ತೇ ಕೇಳಿ. ಹಾಗೇ ಕಿಕ್ಕಿರಿದ ಕೇಂದ್ರಗಳಲ್ಲಿ ಮಕ್ಕಳಿಗೆ ಮೊದಲು ಹಾಕಿಸಬೇಕಾದ ಲಸಿಕೆ ದಡಾರದ್ದು.

ಒಂದು ತಪ್ಪು ತಿಳುವಳಿಕೆಯನ್ನೂ ಇಲ್ಲಿ ಬಿಡಿಸ್ತಾರೆ. ಭೂಕಂಪ, ನೆರೆಯಲ್ಲಿ ಸತ್ತವರ ಶವಗಳಿಂದ ಸಾಂಕ್ರಾಮಿಕ ಹಬ್ಬುತ್ತೆ ಅನ್ನೋದು ಸಾಮಾನ್ಯವಾಗಿ ಸುಳ್ಳು. ಗಾಯದಿಂದ, ಮುಳುಗಿ ಸತ್ತವರಲ್ಲಿ ಹರಡೋ ರೋಗ ಇರೋದು ಅಪರೂಪ. ಕಾಲರಾ, ಎಬೋಲಾದಂಥವು ಬೇರೆ ಮಾತು. ಹೆದರಿಕೊಂಡು ಗುರುತು ಹಿಡಿಯೋ ಮೊದಲೇ ಸಾಮೂಹಿಕವಾಗಿ ಹೂತುಬಿಟ್ಟರೆ, ಮನೆಯವರು ಜೀವಮಾನವಿಡೀ ಕಾಯ್ತಾ ಕೂರ್ತಾರೆ.

ನಮ್ಮ ಆನ್-ಕಾಲ್ ಎಲ್ಲಿಂದ ಬಂತು

ಇಲ್ಲಿ ನಮಗೆ ಒಂದು ಮಜಾ ವಿಷಯ. ಪ್ರೊಡಕ್ಷನ್ ಬಿದ್ದಾಗ ವಾರ್ ರೂಮ್ ತೆರೆದು ಒಬ್ಬರನ್ನ ಇನ್ಸಿಡೆಂಟ್ ಕಮಾಂಡರ್ ಮಾಡ್ತೀವಲ್ಲ, ಆ ಪದ ಹುಟ್ಟಿದ್ದು ಸಾಫ್ಟ್‌ವೇರಿನಲ್ಲಲ್ಲ. 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭಾರಿ ಕಾಡ್ಗಿಚ್ಚು ಬಿದ್ದಾಗ ಬೇರೆ ಬೇರೆ ಅಗ್ನಿಶಾಮಕ ಇಲಾಖೆಗಳು ಬಂದವು. ಒಬ್ಬೊಬ್ಬರದ್ದು ಒಂದೊಂದು ರೇಡಿಯೋ, ಒಂದೊಂದು ಪರಿಭಾಷೆ, ಯಾರ ಮಾತು ಯಾರು ಕೇಳಬೇಕು ಅಂತ ಗೊತ್ತಿಲ್ಲ. ಅದರ ನಂತರ ಕಟ್ಟಿದ್ದೇ ಇನ್ಸಿಡೆಂಟ್ ಕಮಾಂಡ್ ವ್ಯವಸ್ಥೆ. ಒಬ್ಬರಿಗೆ ಒಬ್ಬರೇ ಮೇಲಧಿಕಾರಿ, ಒಬ್ಬರ ಕೈಕೆಳಗೆ ಮೂರರಿಂದ ಏಳು ಜನ ಮಾತ್ರ, ಎಲ್ಲರಿಗೂ ಒಂದೇ ಪರಿಭಾಷೆ. ಐಟಿಯವರು ಅದನ್ನ ಅಲ್ಲಿಂದ ಎರವಲು ತಂದರು.

ನಮ್ಮ ದೇಶದಲ್ಲೂ 2005ರ ವಿಪತ್ತು ನಿರ್ವಹಣಾ ಕಾಯ್ದೆ ಬಂದ ಮೇಲೆ, ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ಇದೇ ಮಾದರಿಯ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಮೂರು ವಿಭಾಗ: ಕಾರ್ಯಾಚರಣೆ, ಯೋಜನೆ, ಸರಕು ಸಾಗಣೆ. ಡಾಕ್ಟರ್ ಎಷ್ಟೇ ಬುದ್ಧಿವಂತರಾದರೂ ಈ ಚೌಕಟ್ಟಿನಲ್ಲಿ ತಾವು ಎಲ್ಲಿ ಕೂರ್ತೀವಿ, ಇನ್ಸುಲಿನ್ ಬೇಕು ಅಂದ್ರೆ ಯಾರನ್ನ ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ, ರಾತ್ರಿ ಎಲ್ಲಾ ಫೋನ್ ಮಾಡ್ತಾನೇ ಇರಬೇಕಾಗುತ್ತೆ. ಅಕ್ಕನಿಗೆ ಆದದ್ದೂ ಅದೇ.

ಆಸ್ಪತ್ರೆಯೇ ಬಿದ್ದರೆ ಅನ್ನೋದು ಇನ್ನೊಂದು ಪಾಠ. 2012ರಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ನ್ಯೂಯಾರ್ಕಿನ ಒಂದು ದೊಡ್ಡ ಆಸ್ಪತ್ರೆಯ ಬ್ಯಾಕಪ್ ಜನರೇಟರ್ ಕೈಕೊಟ್ಟು, 300ಕ್ಕೂ ಹೆಚ್ಚು ರೋಗಿಗಳನ್ನ ಕತ್ತಲಲ್ಲಿ ಮೆಟ್ಟಿಲಿಳಿಸಿ ಸಾಗಿಸಿದರು. ಅದರಲ್ಲಿ ನವಜಾತ ಶಿಶುಗಳೂ ಇದ್ದವು. 2015ರ ಡಿಸೆಂಬರ್‌ನಲ್ಲಿ ಚೆನ್ನೈನ ಒಂದು ಆಸ್ಪತ್ರೆಗೆ ನೀರು ನುಗ್ಗಿ ಕರೆಂಟ್ ಹೋದಾಗ ಐಸಿಯು ರೋಗಿಗಳು ಸತ್ತ ಸುದ್ದಿ ಅಲ್ಲಿರೋ ನಮ್ಮವರಿಗೆ ನೆನಪಿರಬೇಕು. ಡಿಸಾಸ್ಟರ್ ರಿಕವರಿ ಡ್ರಿಲ್ ಅಂದ್ರೆ ನಾವು ಆಕಳಿಸ್ತೀವಿ. ಅಲ್ಲಿ ಆ ಡ್ರಿಲ್ ತಪ್ಪಿದರೆ ಡೇಟಾ ಹೋಗಲ್ಲ, ಜೀವ ಹೋಗುತ್ತೆ.

ಮನಸ್ಸಿನ ಪಾಠವೂ ಇದೆ. ಎಲ್ಲಾ ಕಳಕೊಂಡವರನ್ನ ಹಿಡಿದು ಕೂರಿಸಿ "ಏನಾಯ್ತು, ಹೇಳಿ" ಅಂತ ಕೆದಕಬಾರದು ಅಂತ ಕಲಿಸ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನಸಿಕ ಪ್ರಥಮ ಚಿಕಿತ್ಸೆಯ ಸೂತ್ರ ಮೂರೇ ಮಾತು: ನೋಡು, ಕೇಳಿಸಿಕೋ, ಜೋಡಿಸು. ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ, ಬೇಕಾದ ನೆರವಿಗೆ ಜೋಡಿಸಿ.

ಎಲ್ಲಿ ಓದಬಹುದು

ಮುಂಬೈನವರಿಗೆ ದೇವನಾರ್‌ನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಗೊತ್ತಿರುತ್ತೆ. ಅಲ್ಲಿ ವಿಪತ್ತು ಅಧ್ಯಯನಕ್ಕೇ ಒಂದು ವಿಭಾಗ ಇದೆ, ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರವೂ ಇದೆ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ 2001ರಿಂದ ಕ್ಷೇತ್ರ ತರಬೇತಿಯ ಸ್ನಾತಕೋತ್ತರ ನಡೆಸ್ತಾ ಬಂದಿದೆ. ಅಲ್ಲಿ ಕ್ಲಾಸ್‌ರೂಮಿಗಿಂತ ಊರೂರು ತಿರುಗಿ ರೋಗದ ಮೂಲ ಹುಡುಕೋದೇ ಜಾಸ್ತಿ. ದೆಹಲಿಯಲ್ಲಿ ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆ ಸರ್ಕಾರಿ ನೌಕರರಿಗೆ ಚಿಕ್ಕ ಕೋರ್ಸುಗಳನ್ನ ನಡೆಸುತ್ತೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಪತ್ತಿನಲ್ಲಿ ಮನೋಸಾಮಾಜಿಕ ನೆರವಿಗೇ ಮೀಸಲಾದ ವಿಭಾಗ ಇದೆ. ಹೊರದೇಶದಲ್ಲಿ ಇಟಲಿಯ ನೊವಾರಾ ಮತ್ತು ಬೆಲ್ಜಿಯಂನ ಬ್ರಸೆಲ್ಸ್ ವಿಶ್ವವಿದ್ಯಾಲಯಗಳು ಸೇರಿ ವಿಪತ್ತು ವೈದ್ಯಶಾಸ್ತ್ರದ ಯುರೋಪಿಯನ್ ಸ್ನಾತಕೋತ್ತರ ಕೋರ್ಸ್ ನಡೆಸ್ತವೆ. ಅರ್ಹತೆ, ಶುಲ್ಕ ವರ್ಷ ವರ್ಷ ಬದಲಾಗುತ್ತೆ, ಆಯಾ ಸಂಸ್ಥೆಯ ಪ್ರಕಟಣೆಯನ್ನೇ ನೋಡಿ.

ಬರೀ ಡಿಗ್ರಿಯಿಂದ ಎಲ್ಲಾ ಸರಿಹೋಗುತ್ತೆ ಅಂತ ನಾನು ಹೇಳಲ್ಲ. ಕಲಿತವರನ್ನ ಸಂಬಂಧವಿಲ್ಲದ ಕುರ್ಚಿಗೆ ವರ್ಗ ಮಾಡಿದರೆ ಕಲಿತದ್ದು ಅಲ್ಲೇ ಒಣಗುತ್ತೆ. ಮತ್ತೆ, ಮೊದಲು ಓಡಿ ಬರೋದು ಯಾವತ್ತೂ ಪಕ್ಕದ ಮನೆಯವರೇ. ಆದರೆ ವ್ಯವಸ್ಥೆ ಕಲಿತರೆ ಏನಾಗುತ್ತೆ ಅಂತ ಒಡಿಶಾ ತೋರಿಸಿದೆ. 1999ರ ಚಂಡಮಾರುತದಲ್ಲಿ ಅಲ್ಲಿ ಸುಮಾರು 10,000 ಜನ ಸತ್ತರು. 2013ರಲ್ಲಿ ಫೈಲಿನ್ ಬಂದಾಗ ಹತ್ತು ಲಕ್ಷದ ಹತ್ತಿರ ಜನರನ್ನ ಮೊದಲೇ ಸ್ಥಳಾಂತರಿಸಿದರು, ಸಾವು ಕೆಲವೇ ಹತ್ತುಗಳಲ್ಲಿ ನಿಂತಿತು. ನಡುವಿನ 14 ವರ್ಷ ಅವರು ಸುಮ್ಮನೆ ಕೂತಿರಲಿಲ್ಲ.

ಇವತ್ತು ರಾತ್ರಿ ಮಾಡಬಹುದಾದ ಒಂದು ಕೆಲಸ

ನಾವೆಲ್ಲ ಊರು ಬಿಟ್ಟು ಬಂದವರು. ಅಪ್ಪ ಅಮ್ಮ ಅಲ್ಲೇ ಇದ್ದಾರೆ. ಒಂದು ಹಾಳೆಯಲ್ಲಿ ಅವರ ಔಷಧಿ ಹೆಸರು, ಪ್ರಮಾಣ, ಡಾಕ್ಟರ್ ಫೋನ್, ರಕ್ತದ ಗುಂಪು ಬರೆಸಿ. ಅದರ ಫೋಟೋ ನಿಮ್ಮ ಫೋನಲ್ಲಿರಲಿ, ಒಂದು ಪ್ರತಿ ಪ್ಲಾಸ್ಟಿಕ್ ಕವರಿನಲ್ಲಿ ಆಧಾರ್ ಕಾರ್ಡ್ ಜೊತೆ ಇರಲಿ. ಒಂದು ವಾರದ ಔಷಧಿ ಯಾವಾಗಲೂ ಹೆಚ್ಚಿಗೆ ಇರಲಿ. ಎಲ್ಲಕ್ಕಿಂತ ಮುಖ್ಯ, "ಎಲ್ಲಿ ಹೋದರೂ ಮೊದಲು ಇದನ್ನ ಹೇಳ್ರಿ, ಸಂಕೋಚ ಬ್ಯಾಡ" ಅಂತ ಹೇಳಿಡಿ.

ನಾನು ಈ ಲೆಕ್ಕಗಳನ್ನೆಲ್ಲ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ನೀರು, ಶೌಚಾಲಯ, 0.42, ಎಲ್ಲಾ. ಅಪ್ಪ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಕೇಳಿದ್ದು ಇಷ್ಟೇ: "ಆ ಟೇಲರ್‌ಗ ಇನ್ಸುಲಿನ್ ಸಿಕ್ಕಿದ್ರ ಉಳೀತಿದ್ನೇನು?"

ಅಕ್ಕ ಪಕ್ಕದಲ್ಲೇ ಕೂತಿದ್ದಳು. "ಉಳೀತಿದ್ದ ಅಪ್ಪಾ" ಅಂದಳು.

ಅರ್ಜಿ ಹೋದ ವಾರ ಹಾಕಿದ್ದಾಳೆ. ರಜೆ ಮಂಜೂರಾಗಬೇಕು, ಸೀಟು ಸಿಗಬೇಕು, ಎರಡು ವರ್ಷ ಮಗಳನ್ನ ಯಾರು ನೋಡ್ಕೊಳ್ಳೋದು ಅನ್ನೋದೂ ತೀರ್ಮಾನ ಆಗಬೇಕು. ಏನಾಯ್ತು ಅಂತ ಮುಂದೆ ಯಾವಾಗಾದ್ರೂ ಹೇಳ್ತೀನಿ. ನಿಮ್ಮ ಮನೆಯಲ್ಲೂ ಆಶಾ ಕಾರ್ಯಕರ್ತೆ, ನರ್ಸ್, ಡಾಕ್ಟರ್ ಯಾರಾದ್ರೂ ಇದ್ದರೆ ಈ ಬರಹ ಅವರಿಗೆ ಕಳಿಸಿ, ಅವರ ಕೇಂದ್ರದ ಪಟ್ಟಿಯಲ್ಲಿ ಆ ಕಾಲಂ ಇದೆಯಾ ಅಂತ ಕೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.